ಕ್ಷಮೆಯನ್ನು ಸೆನೆಟ್‌ಗೆ ಒಯ್ದ ಪಾದ್ರಿ

1870ರ ಜನವರಿ. ಮಿಸ್ಸಿಸ್ಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್‌ನಲ್ಲಿ ಹೊಸ ಶಾಸನಸಭೆ ಕೂಡಿತ್ತು. ಒಂಬತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಬಿಳಿಯ ಜಮೀನ್ದಾರರು ಸಭೆ ಸೇರಿ, ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಅಮೆರಿಕದ ಒಕ್ಕೂಟದಿಂದಲೇ ಹೊರನಡೆಯುವ ತೀರ್ಮಾನ ಮಾಡಿದ್ದರು. ಅದರ ಬೆನ್ನಿಗೇ ನಾಲ್ಕು ವರ್ಷ ಅಂತರ್ಯುದ್ಧ ನಡೆದು, ಲಕ್ಷಾಂತರ ಜನ ಸತ್ತು, ಗುಲಾಮಗಿರಿ ಕೊನೆಗೊಂಡಿತ್ತು. ಈಗ ಸೇರಿದ್ದ ಸುಮಾರು 140 ಶಾಸಕರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಕಪ್ಪು ಜನಾಂಗದವರು. ಕೆಲವರು ಆರೇಳು ವರ್ಷದ ಹಿಂದಿನವರೆಗೆ ಯಾರದೋ ಸೊತ್ತಾಗಿದ್ದವರು. ಕಲಾಪಕ್ಕೆ ಮೊದಲು ಪ್ರಾರ್ಥನೆ ಆಗಬೇಕಿತ್ತು. ಆಡಮ್ಸ್ ಕೌಂಟಿಯಿಂದ ರಾಜ್ಯದ ಮೇಲ್ಮನೆಗೆ ಆಯ್ಕೆಯಾಗಿ ಬಂದಿದ್ದ ಒಬ್ಬ ಪಾದ್ರಿಯನ್ನು ಪ್ರಾರ್ಥನೆ ಮಾಡಿ ಎಂದು ಕೇಳಿಕೊಂಡರು.

ಅವರ ಹೆಸರು ಹೈರಮ್ ರೋಡ್ಸ್ ರೆವೆಲ್ಸ್. ವಯಸ್ಸು ನಲವತ್ತೆರಡು. ರಾಜಕೀಯಕ್ಕೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಶಾಸಕರಲ್ಲಿ ಹೆಚ್ಚಿನವರಿಗೆ ಅವರ ಗುರುತೇ ಇರಲಿಲ್ಲ. ಆ ಶಾಸನಸಭೆಯ ಕೆಳಮನೆಯಲ್ಲಿದ್ದ ಜಾನ್ ರಾಯ್ ಲಿಂಚ್ ಎಂಬ ಕಪ್ಪು ತರುಣ ಮುಂದೆ ಅಮೆರಿಕದ ಸಂಸತ್ತಿಗೂ ಹೋದರು. 1913ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಅವರು ಆ ದಿನವನ್ನು ನೆನೆದು, ಆ ಸಭಾಂಗಣದಲ್ಲಿ ಅಷ್ಟು ಮನಮುಟ್ಟುವ ಪ್ರಾರ್ಥನೆ ಬಹಳ ಅಪರೂಪವೆಂದೂ, ರೆವೆಲ್ಸ್ ಸೆನೆಟರ್ ಆದದ್ದು ಆ ಪ್ರಾರ್ಥನೆಯಿಂದಲೇ ಎಂದೂ ಬರೆದರು.

ಆಗ ಅಮೆರಿಕದ ಸೆನೆಟ್‌ಗೆ ಸದಸ್ಯರನ್ನು ಆರಿಸುತ್ತಿದ್ದುದು ಜನರಲ್ಲ, ಆಯಾ ರಾಜ್ಯದ ಶಾಸನಸಭೆ. ಮಿಸ್ಸಿಸ್ಸಿಪ್ಪಿಯ ಎರಡೂ ಸ್ಥಾನಗಳು 1861ರಿಂದ ಖಾಲಿ ಬಿದ್ದಿದ್ದವು. ಒಂದರ ಅವಧಿ ಮುಗಿಯಲು ಹೆಚ್ಚುಕಡಿಮೆ ಒಂದೇ ವರ್ಷ ಉಳಿದಿತ್ತು, ಇನ್ನೊಂದಕ್ಕೆ ಐದು ವರ್ಷ. ಆ ಒಂದು ವರ್ಷದ ಸ್ಥಾನವನ್ನು ಕಪ್ಪು ಜನಾಂಗದವರಿಗೆ ಕೊಡೋಣವೆಂದು ರಿಪಬ್ಲಿಕನ್ ಪಕ್ಷದೊಳಗೆ ಒಪ್ಪಂದವಾಯಿತು. ಬಣ್ಣದ ಗೋಡೆಗೆ ಒಂದು ಪೆಟ್ಟಾದರೂ ಬೀಳಲಿ ಎಂದು ಕಪ್ಪು ಶಾಸಕರು ಅಷ್ಟಕ್ಕೇ ಒಪ್ಪಿಕೊಂಡರು. ಎದುರು ಪಕ್ಷವಾದ ಡೆಮಾಕ್ರಟರೂ ಒಪ್ಪಿದರು. ಅವರ ಲೆಕ್ಕ ಬೇರೆ, ಕಪ್ಪು ಸೆನೆಟರ್‌ನಿಂದ ರಿಪಬ್ಲಿಕನ್ನರ ಹೆಸರು ಕೆಡುತ್ತದೆ ಎಂಬುದು. ಮೂರು ದಿನ, ಏಳು ಸುತ್ತಿನ ಮತದಾನ ನಡೆದು ಜನವರಿ 20ರಂದು ರೆವೆಲ್ಸ್ ಆಯ್ಕೆಯಾದರು. ದೊಡ್ಡ ಅವಧಿಯ ಸ್ಥಾನ ಬಿಳಿಯ ಸೇನಾನಿ ಅಡೆಲ್ಬರ್ಟ್ ಏಮ್ಸ್ ಅವರಿಗೆ ಹೋಯಿತು. ರೆವೆಲ್ಸ್ ಅವರ ಪಾಲಿನ ಒಂದು ವರ್ಷವೂ ಚೌಕಾಸಿಯಿಂದ ಬಂದದ್ದು ಎಂಬುದನ್ನು ಮರೆಯಬಾರದು. ಅಮೆರಿಕದ ಮೊದಲ ಕಪ್ಪು ಸೆನೆಟರ್ ಎಂದು ಶಾಲಾಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವಾಗ ಈ ಸಂಗತಿ ಬಿಟ್ಟುಹೋಗುತ್ತದೆ.

ಆಯ್ಕೆಯೇನೋ ಆಯಿತು, ವಾಷಿಂಗ್ಟನ್‌ನಲ್ಲಿ ಬಾಗಿಲು ತೆರೆಯಬೇಕಲ್ಲ. ಮಿಸ್ಸಿಸ್ಸಿಪ್ಪಿಯನ್ನು ಒಕ್ಕೂಟಕ್ಕೆ ಮರಳಿ ಸೇರಿಸಿಕೊಳ್ಳುವ ಕಾಯ್ದೆಗೆ ಫೆಬ್ರವರಿ 23ರಂದು ಅಂಕಿತ ಬಿತ್ತು. ಅಲ್ಲಿಂದ ಮೂರು ದಿನ ಸೆನೆಟ್‌ನಲ್ಲಿ ವಾಗ್ವಾದ. ಕೆಂಟಕಿಯ ಗ್ಯಾರೆಟ್ ಡೇವಿಸ್, ಡೆಲವೇರ್‌ನ ವಿಲ್ಲರ್ಡ್ ಸಾಲ್ಸ್‌ಬರಿ ಮೊದಲಾದವರು ಎದ್ದು ನಿಂತು ಸಂವಿಧಾನದ ಒಂದು ಷರತ್ತನ್ನು ಹಿಡಿದುಕೊಂಡರು. ಸೆನೆಟರ್ ಆಗುವವನು ಒಂಬತ್ತು ವರ್ಷವಾದರೂ ದೇಶದ ಪ್ರಜೆಯಾಗಿರಬೇಕು. 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ ಎಂದಿತ್ತು. ಅವರನ್ನು ಪ್ರಜೆಗಳನ್ನಾಗಿ ಮಾಡಿದ ಹದಿನಾಲ್ಕನೆಯ ತಿದ್ದುಪಡಿ ಬಂದದ್ದು 1868ರಲ್ಲಿ. ಹಾಗಾದರೆ ರೆವೆಲ್ಸ್ ಪ್ರಜೆಯಾಗಿ ಎರಡೇ ವರ್ಷ ಎಂಬುದು ವಾದ. ಸ್ವತಂತ್ರ ತಂದೆತಾಯಿಗಳಿಗೆ ಅಮೆರಿಕದ ನೆಲದಲ್ಲೇ ಹುಟ್ಟಿ, ಒಹಾಯೊದಲ್ಲಿ ಮತವನ್ನೂ ಹಾಕಿದ್ದ ನಡುವಯಸ್ಸಿನ ಮನುಷ್ಯನ ಬಗ್ಗೆ ಈ ಮಾತು. ಅವರ ಪರವಾಗಿ ಕೆಲವರು, ಅವರದು ಮಿಶ್ರ ರಕ್ತ, ಆದ್ದರಿಂದ ಆ ತೀರ್ಪು ಅವರಿಗೆ ತಗಲುವುದಿಲ್ಲ ಎಂದು ಸಂದಿ ಹುಡುಕಿದರು. ಮ್ಯಾಸಚೂಸೆಟ್ಸ್‌ನ ಚಾರ್ಲ್ಸ್ ಸಮ್ನರ್ ಅಂಥ ಸಂದಿಗೆ ಹೋಗಲಿಲ್ಲ. ಆ ತೀರ್ಪು ಹುಟ್ಟಿದಾಗಲೇ ಸತ್ತದ್ದು, ಎಲ್ಲ ಮನುಷ್ಯರೂ ಸಮಾನರೆಂದು ಈ ದೇಶ ತನ್ನ ಮೊದಲ ಘೋಷಣೆಯಲ್ಲೇ ಒಪ್ಪಿಕೊಂಡಿದೆ ಎಂಬ ನೆಲೆಯಲ್ಲಿ ನಿಂತು ಮಾತಾಡಿದರು.

ಫೆಬ್ರವರಿ 25ರ ಮಧ್ಯಾಹ್ನ ಮತಕ್ಕೆ ಹಾಕಿದಾಗ ಪರವಾಗಿ 48, ವಿರುದ್ಧವಾಗಿ 8. ಸೆನೆಟರ್ ಹೆನ್ರಿ ವಿಲ್ಸನ್ ರೆವೆಲ್ಸ್ ಅವರನ್ನು ಮುಂದಕ್ಕೆ ಕರೆದೊಯ್ದರು, ಉಪಾಧ್ಯಕ್ಷ ಸ್ಕೈಲರ್ ಕೋಲ್‌ಫ್ಯಾಕ್ಸ್ ಪ್ರಮಾಣವಚನ ಬೋಧಿಸಿದರು. ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂಡಾಯ ರಾಜ್ಯಗಳ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್ ಬಿಟ್ಟುಹೋದ ಕುರ್ಚಿಯಲ್ಲೇ ಈ ಪಾದ್ರಿ ಕೂತರು ಎಂಬ ಮಾತು ಆಗಲೇ ಹುಟ್ಟಿಕೊಂಡಿತು. ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಅದನ್ನೇ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಚಿತ್ರ ಬರೆದ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ರೆವೆಲ್ಸ್ ತುಂಬಿದ್ದು ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಆಲ್ಬರ್ಟ್ ಬ್ರೌನ್ ಅವರ ಸ್ಥಾನವನ್ನು. ಡೇವಿಸ್‌ನ ಸ್ಥಾನ ಏಮ್ಸ್ ಅವರಿಗೆ ಸಿಕ್ಕಿತ್ತು.

ಈ ಮನುಷ್ಯ ಎಲ್ಲಿಂದ ಬಂದರು ಎನ್ನುವುದಕ್ಕೆ ಹಿಂದಕ್ಕೆ ಹೋಗಬೇಕು. ಉತ್ತರ ಕ್ಯಾರೊಲೈನಾದ ಫೇಯೆಟ್‌ವಿಲ್ ಎಂಬಲ್ಲಿ 1827ರ ಸೆಪ್ಟೆಂಬರ್ 27ರಂದು ಹುಟ್ಟಿದವರು ರೆವೆಲ್ಸ್. ಗುಲಾಮರ ರಾಜ್ಯದಲ್ಲಿ ಗುಲಾಮರಲ್ಲದ ಕಪ್ಪು ಕುಟುಂಬ. ಆ ಸ್ವಾತಂತ್ರ್ಯ ಎಷ್ಟು ತೆಳುವಾದದ್ದು ಎಂಬುದನ್ನು ಆ ಹುಡುಗ ಬೆಳೆಯುತ್ತಲೇ ಕಂಡ. 1831ರಲ್ಲಿ ನೆರೆಯ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮ ದಂಗೆಯೆದ್ದ. ಅವನೂ ಬೋಧಕನೇ. ಅದಾದ ಮೇಲೆ ಬೋಧನೆ ಮಾಡುವ ಕಪ್ಪು ಮನುಷ್ಯನೆಂದರೆ ಬಿಳಿಯರಿಗೆ ಭಯ. ಉತ್ತರ ಕ್ಯಾರೊಲೈನಾ ಕಪ್ಪು ಜನ ಬಹಿರಂಗವಾಗಿ ಧರ್ಮಬೋಧೆ ಮಾಡುವುದನ್ನು ನಿಷೇಧಿಸಿತು. 1835ರಲ್ಲಿ ಸ್ವತಂತ್ರ ಕಪ್ಪು ಗಂಡಸರಿಗೆ ಅಲ್ಲಿಯವರೆಗೆ ಇದ್ದ ಮತದ ಹಕ್ಕನ್ನೂ ಕಿತ್ತುಕೊಂಡಿತು. ಆಗ ರೆವೆಲ್ಸ್ ಅವರಿಗೆ ಎಂಟು ವರ್ಷ. ಮುಂದೆ ಜೀವನದುದ್ದಕ್ಕೂ ಅವರು ಮಾಡಿದ ಎರಡು ಕೆಲಸಗಳೂ, ಬೋಧನೆ ಮತ್ತು ರಾಜಕೀಯ, ಅವರ ಹುಟ್ಟೂರಿನಲ್ಲಿ ಅವರಂಥವರಿಗೆ ಬಾಲ್ಯದಲ್ಲೇ ಮುಚ್ಚಿಹೋಗಿದ್ದವು.

ಓದು ಬರಹ ಕಲಿತದ್ದು ಒಬ್ಬ ಕಪ್ಪು ಮಹಿಳೆ ನಡೆಸುತ್ತಿದ್ದ ಶಾಲೆಯಲ್ಲಿ. ಮುಂದೆ ಲಿಂಕನ್‌ಟನ್ ಎಂಬ ಊರಿನಲ್ಲಿ ಅಣ್ಣ ಎಲಿಯಾಸ್‌ನ ಕ್ಷೌರದಂಗಡಿಯಲ್ಲಿ ಕೆಲಸ ಕಲಿಯಲು ಸೇರಿದರು. 1841ರಲ್ಲಿ ಅಣ್ಣ ತೀರಿಕೊಂಡಾಗ ಅಂಗಡಿ ಇವರ ಕೈಗೆ ಬಂತು. ಸ್ವತಂತ್ರ ಕಪ್ಪು ಜನರಿಗೆ ದಕ್ಕುತ್ತಿದ್ದ ಕೆಲವೇ ಕಸುಬುಗಳಲ್ಲಿ ಕ್ಷೌರವೂ ಒಂದು. ಬಿಳಿಯ ಗಿರಾಕಿಗಳ ಮಾತುಕತೆ ಕೇಳುತ್ತಾ, ತನ್ನ ಮಾತನ್ನು ತೂಗಿ ಆಡುತ್ತಾ ಹೊಟ್ಟೆ ಹೊರೆಯುವ ಕಸುಬು. ಬಿಳಿಯರ ಎದುರು ಎತ್ತರದ ದನಿಯಲ್ಲಿ ಮಾತಾಡದ ರೆವೆಲ್ಸ್ ಅವರ ರೂಢಿ ಶುರುವಾದದ್ದು ಇಲ್ಲೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಅಂಗಡಿ ಬಿಟ್ಟು ಅವರು ಉತ್ತರಕ್ಕೆ ಹೊರಟರು. ಇಂಡಿಯಾನಾದ ಲಿಬರ್ಟಿ ಎಂಬಲ್ಲಿ ಕ್ವೇಕರ್ ಪಂಥದವರು ನಡೆಸುತ್ತಿದ್ದ ಶಾಲೆಯಲ್ಲೂ, ಒಹಾಯೊದ ಡಾರ್ಕ್ ಕೌಂಟಿಯಲ್ಲೂ ಓದಿದರು. 1845ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೊಪಲ್ ಸಭೆಯಲ್ಲಿ ಬೋಧಕರಾದರು. ಈ ಸಭೆಯ ಹುಟ್ಟಿನಲ್ಲೇ ಒಂದು ಕಥೆಯಿದೆ. ಫಿಲಡೆಲ್ಫಿಯಾದ ಚರ್ಚೊಂದರಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಭಕ್ತರನ್ನು ಎಬ್ಬಿಸಿ ದೂಡಿದ್ದರು. ಆ ಅವಮಾನ ತಿಂದು ಹೊರಬಂದ ರಿಚರ್ಡ್ ಅಲೆನ್ ಎಂಬ ಮಾಜಿ ಗುಲಾಮ 1816ರಲ್ಲಿ ತಮ್ಮವರದೇ ಆದ ಸಭೆಯನ್ನು ಕಟ್ಟಿದರು. ಕಪ್ಪು ಜನರಿಗೆ ಚರ್ಚು ಆರಾಧನೆಗಷ್ಟೇ ಇದ್ದ ಜಾಗವಾಗಿರಲಿಲ್ಲ. ಶಾಲೆ, ಸಹಾಯನಿಧಿ, ಪಂಚಾಯಿತಿ ಎಲ್ಲವೂ ಅಲ್ಲೇ. ಮುಂದೆ ಮತದ ಹಕ್ಕು ಬಂದಾಗ ಅಷ್ಟೊಂದು ಮಂದಿ ಪಾದ್ರಿಗಳು ಶಾಸಕರಾದದ್ದು ಇದೇ ಕಾರಣಕ್ಕೆ. ಜನರೆದುರು ನಿಂತು ಮಾತಾಡಿ, ಲೆಕ್ಕಪತ್ರ ಇಟ್ಟು, ಸಭೆ ನಡೆಸಿ ಪಳಗಿದ್ದವರು ಅವರೇ.

ರೆವೆಲ್ಸ್ ಊರೂರು ಅಲೆದರು. ಇಂಡಿಯಾನಾ, ಇಲಿನಾಯ್, ಒಹಾಯೊ, ಟೆನೆಸಿ, ಮಿಸ್ಸೂರಿ, ಮೇರಿಲ್ಯಾಂಡ್. ಗುಲಾಮಗಿರಿ ಇದ್ದ ರಾಜ್ಯಗಳಿಗೆ ಹೋದಾಗ, ಗುಲಾಮರನ್ನು ಓಡಿಹೋಗಲು ಪ್ರೇರೇಪಿಸುವ ಒಂದು ಮಾತೂ ತಮ್ಮ ಬಾಯಿಂದ ಬಾರದಂತೆ ನೋಡಿಕೊಂಡೆನೆಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. ಹಾಗಿಲ್ಲದಿದ್ದರೆ ಆ ಜನರ ಬಳಿಗೆ ಹೋಗಲು ಬಿಡುತ್ತಲೇ ಇರಲಿಲ್ಲ. ಉತ್ತರದ ರಾಜ್ಯಗಳಲ್ಲಿದ್ದಾಗ ಮಾತ್ರ ಓಡಿ ಬಂದವರಿಗೆ ಕೈಲಾದ ನೆರವು ನೀಡಿದರು. ಇಷ್ಟು ಎಚ್ಚರವಹಿಸಿದರೂ ಮಿಸ್ಸೂರಿಯಲ್ಲಿ ಕಪ್ಪು ಜನರಿಗೆ ಸುವಾರ್ತೆ ಸಾರಿದ ಕಾರಣಕ್ಕೆ 1854ರಲ್ಲಿ ಜೈಲಿಗೆ ಹಾಕಿದರು. ಅಲ್ಲಿಂದ ಬಂದವರು ಇಲಿನಾಯ್‌ನ ಗೇಲ್ಸ್‌ಬರ್ಗ್‌ನ ನಾಕ್ಸ್ ಕಾಲೇಜಿನಲ್ಲಿ ಒಂದೆರಡು ವರ್ಷ ಓದಿ, ಬಾಲ್ಟಿಮೋರ್‌ನಲ್ಲಿ ಸಭಾಪಾಲಕರಾಗಿ, ಶಾಲೆಯ ಮುಖ್ಯಸ್ಥರಾಗಿ ನೆಲೆನಿಂತರು. ಫೀಬಿ ಬ್ಯಾಸ್ ಎಂಬಾಕೆಯನ್ನು ಮದುವೆಯಾಗಿದ್ದರು; ಆರು ಹೆಣ್ಣುಮಕ್ಕಳು.

ಯುದ್ಧ ಬಂದಾಗ ಮೇರಿಲ್ಯಾಂಡ್ ಮತ್ತು ಮಿಸ್ಸೂರಿಯಲ್ಲಿ ಕಪ್ಪು ಸೈನಿಕರ ದಳಗಳಿಗೆ ಜನರನ್ನು ಸೇರಿಸಿದರು, ತಾವೂ ಸೇನೆಯ ಪಾದ್ರಿಯಾಗಿ ಮಿಸ್ಸಿಸ್ಸಿಪ್ಪಿಗೆ ಬಂದರು. ಯುದ್ಧ ಮುಗಿದ ಮೇಲಿನ ಒಂದು ಘಟನೆ ಅವರ ಸ್ವಭಾವವನ್ನು ತೋರಿಸುತ್ತದೆ. ಹೆಂಡತಿ ಮಕ್ಕಳೊಡನೆ ರೈಲಿನಲ್ಲಿ ಹೋಗುತ್ತಿದ್ದಾಗ, ಮೊದಲ ದರ್ಜೆಯ ಟಿಕೆಟ್ ಇದ್ದರೂ ಸಿಗಾರು ಸೇದುವವರ ಡಬ್ಬಿಗೆ ಹೋಗಿ ಎಂದರು. ರೆವೆಲ್ಸ್ ಹಕ್ಕಿನ ಮಾತೆತ್ತಲಿಲ್ಲ. ಆ ಡಬ್ಬಿಯಲ್ಲಿ ಗಂಡಸರು ಆಡುವ ಮಾತು ನನ್ನ ಹೆಂಡತಿ ಮಕ್ಕಳ ಕಿವಿಗೆ ಬೀಳುವಂಥದ್ದಲ್ಲ ಎಂದು ವಿನಂತಿಸಿದರು. ಕಂಡಕ್ಟರ್ ಕೊನೆಗೆ ಸುಮ್ಮನಾದ. ಎದುರಿನವನ ಮನಸ್ಸಾಕ್ಷಿಯನ್ನು ತಟ್ಟಿದರೆ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆ ಅವರದು. ಆ ದಿನ ಬಾಗಿಲು ತೆರೆಯಿತು ಕೂಡ.

ಯುದ್ಧದ ನಂತರದ ವರ್ಷಗಳಲ್ಲಿ ಮಿಸ್ಸಿಸ್ಸಿಪ್ಪಿ ನದಿಯ ದಂಡೆಯ ನ್ಯಾಚೆಜ್ ಪಟ್ಟಣಕ್ಕೆ ಸಭಾಪಾಲಕರಾಗಿ ಬಂದರು. ಹತ್ತಿಯ ದುಡ್ಡಿನಿಂದ ಮೆರೆದಿದ್ದ ಊರು, ಗುಲಾಮರ ದೊಡ್ಡ ಸಂತೆ ನಡೆಯುತ್ತಿದ್ದ ಊರು ಅದು. ರಾಜ್ಯದ ಸೇನಾ ಆಡಳಿತದ ಮುಖ್ಯಸ್ಥರಾಗಿದ್ದ ಏಮ್ಸ್ ಅವರೇ 1868ರಲ್ಲಿ ರೆವೆಲ್ಸ್ ಅವರನ್ನು ನಗರಸಭೆಗೆ ನೇಮಿಸಿದರು. ಮರುವರ್ಷ ಲಿಂಚ್ ಒತ್ತಾಯದಿಂದ ಚುನಾವಣೆಗೆ ನಿಂತು ಗೆದ್ದರು. ಅಲ್ಲಿಂದ ಆ ಪ್ರಾರ್ಥನೆ.

ಸೆನೆಟ್‌ನಲ್ಲಿ ಅವರ ಮೊದಲ ಭಾಷಣ 1870ರ ಮಾರ್ಚ್ 16ರಂದು. ವಿಷಯ ಜಾರ್ಜಿಯಾ. ಅಲ್ಲಿ ಜನ ಆರಿಸಿ ಕಳಿಸಿದ್ದ ಕಪ್ಪು ಶಾಸಕರನ್ನು, ಕಪ್ಪಾಗಿದ್ದಾರೆ ಎಂಬ ಕಾರಣಕ್ಕೇ 1868ರಲ್ಲಿ ಸದನದಿಂದ ಹೊರಹಾಕಿದ್ದರು. ಅಂಥ ರಾಜ್ಯವನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವಾಗ ಅವರ ಹಕ್ಕಿಗೆ ಭದ್ರತೆ ಬೇಡವೇ ಎಂಬುದು ಅವರ ಪ್ರಶ್ನೆ. ಅದನ್ನು ಅವರು ಕೇಳಿದ ಬಗೆಯನ್ನು ಗಮನಿಸಬೇಕು. ಯುದ್ಧದಲ್ಲಿ ಒಡೆಯರು ರಣರಂಗಕ್ಕೆ ಹೋದಾಗ ಅವರ ಹೆಂಡತಿ ಮಕ್ಕಳು ಗುಲಾಮರ ಕೈಯಲ್ಲೇ ಉಳಿದರು. ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಸುಲಭದ ಗಳಿಗೆ ಇರಲಿಲ್ಲ. ಆದರೂ ನಮ್ಮ ಜನ ಅವರನ್ನು ಕಾದರು, ಇಂದಿಗೂ ಹಳೆಯ ಒಡೆಯರ ಮೇಲೆ ಅವರಿಗೆ ದ್ವೇಷವಿಲ್ಲ ಎಂದರು. ನ್ಯಾಯ ಕೇಳುವ ಮೊದಲು ತಮ್ಮ ಜನ ಎಷ್ಟು ಒಳ್ಳೆಯವರು ಎಂಬುದಕ್ಕೆ ಸಾಕ್ಷಿ ಹೇಳಬೇಕಾದ ಪರಿಸ್ಥಿತಿ ಅದು. ಈ ಭಾಗವನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಹಕ್ಕು ಕೇಳುವವನು ಸಜ್ಜನನೆಂದು ಮೊದಲು ಸಾಬೀತು ಮಾಡಿಕೊಳ್ಳಬೇಕೆಂಬ ಕಟ್ಟಳೆ ಗುಲಾಮಗಿರಿಯ ಜೊತೆಗೆ ಸತ್ತಿರಲಿಲ್ಲ.

ದ್ವೇಷವಿಲ್ಲ ಎಂಬ ಆ ಮಾತು ರೆವೆಲ್ಸ್ ಮಟ್ಟಿಗೆ ಬರೀ ಬಾಯಿಮಾತಲ್ಲ. ಬಂಡಾಯವೆದ್ದು ಅಧಿಕಾರದ ಹಕ್ಕು ಕಳೆದುಕೊಂಡಿದ್ದ ದಕ್ಷಿಣದ ಬಿಳಿಯ ನಾಯಕರು ದೇಶಕ್ಕೆ ನಿಷ್ಠೆಯ ಪ್ರಮಾಣ ಮಾಡಿದರೆ ಅವರಿಗೆಲ್ಲ ಕ್ಷಮಾದಾನ ಕೊಟ್ಟು ಹಕ್ಕುಗಳನ್ನು ಮರಳಿಸಬೇಕೆಂದು ಅವರು ವಾದಿಸಿದರು. ಅವರದೇ ಪಕ್ಷದ ಹಲವರಿಗೆ ಇದು ಹಿಡಿಸಲಿಲ್ಲ. ಕಪ್ಪು ಜನರನ್ನು ಮೇಲಕ್ಕೆತ್ತಬೇಕು, ಅದಕ್ಕಾಗಿ ಬಿಳಿಯರನ್ನು ಕೆಳಕ್ಕೆಳೆಯಬೇಕಾಗಿಲ್ಲ ಎಂಬುದು ಚುನಾವಣೆಯ ಕಾಲದಿಂದಲೂ ಅವರು ಊರೂರಿನಲ್ಲಿ ಸಾರಿದ ಮಾತು.

ಮೆತ್ತಗಿನ ಮನುಷ್ಯ ಎಂದ ಮಾತ್ರಕ್ಕೆ ಕೆಲಸದಲ್ಲಿ ಹಿಂಜರಿದವರಲ್ಲ. ವಾಷಿಂಗ್ಟನ್‌ನ ನೌಕಾ ಕಾರ್ಖಾನೆಯಲ್ಲಿ ಬಾಲ್ಟಿಮೋರ್‌ನ ಕಪ್ಪು ಮೆಕ್ಯಾನಿಕ್‌ಗಳಿಗೆ ಬಣ್ಣದ ಕಾರಣಕ್ಕೆ ಕೆಲಸ ನಿರಾಕರಿಸಿದಾಗ ಸರ್ಕಾರದ ಬೆನ್ನುಹತ್ತಿ ಅವರಿಗೆ ಕೆಲಸ ಕೊಡಿಸಿದರು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಗೆ ಮೈಕೇಲ್ ಹೋವರ್ಡ್ ಎಂಬ ಕಪ್ಪು ಯುವಕನ ಹೆಸರನ್ನು ಸೂಚಿಸಿದರು. ಹುಡುಗನಿಗೆ ಪ್ರವೇಶ ಸಿಗಲಿಲ್ಲ. 1871ರ ಫೆಬ್ರವರಿ 8ರಂದು ಮಾಡಿದ ಭಾಷಣ ನನ್ನ ದೃಷ್ಟಿಯಲ್ಲಿ ಅವರ ಅತ್ಯುತ್ತಮ ಭಾಷಣ. ರಾಜಧಾನಿಯ ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳನ್ನು ಬೇರೆಬೇರೆ ಕೂರಿಸಬೇಕೆಂದು ಒಹಾಯೊದ ಸೆನೆಟರ್ ಥರ್ಮನ್ ತಂದಿದ್ದ ತಿದ್ದುಪಡಿಯನ್ನು ಅವರು ವಿರೋಧಿಸಿದರು. ಮಕ್ಕಳ ಮನಸ್ಸಿನಲ್ಲಿ ಈ ಭೇದ ತಾನಾಗಿ ಹುಟ್ಟುವುದಿಲ್ಲ, ಬೇರೆ ಕೂರಿಸಿದಾಗ ನಾವೇ ಅದನ್ನು ಬಿತ್ತುತ್ತೇವೆ ಎಂಬುದು ಅವರ ವಾದದ ಜೀವಾಳ. ಸದನ ಕಿವಿಗೊಡಲಿಲ್ಲ. ವಾಷಿಂಗ್ಟನ್‌ನ ಶಾಲೆಗಳಲ್ಲಿ ಆ ಬೇಲಿ ಬಿದ್ದದ್ದು ಸುಪ್ರೀಂ ಕೋರ್ಟಿನ 1954ರ ತೀರ್ಪಿನಿಂದ. ಅಂದರೆ ಎಂಬತ್ತಮೂರು ವರ್ಷಗಳ ಮೇಲೆ.

1870ರ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಥಿಯೊಡೋರ್ ಕೌಫ್‌ಮನ್ ಎಂಬ ಕಲಾವಿದರು ರೆವೆಲ್ಸ್ ಅವರ ಭಾವಚಿತ್ರ ಬರೆದರು; ಬಾಸ್ಟನ್ನಿನ ಲೂಯಿ ಪ್ರಾಂಗ್ ಮುದ್ರಣಾಲಯ ಅದನ್ನು ಬಣ್ಣದಲ್ಲಿ ಅಚ್ಚು ಹಾಕಿ ಮಾರಿತು. ಕಪ್ಪು ಜನರ ದೊಡ್ಡ ನಾಯಕ ಫ್ರೆಡರಿಕ್ ಡಗ್ಲಾಸ್ ಅದನ್ನು ಕಂಡು ಸಂತೋಷಪಟ್ಟು ಪ್ರಕಾಶಕರಿಗೆ ಪತ್ರ ಬರೆದರು. ಅಲ್ಲಿಯವರೆಗೆ ಅಚ್ಚಾದ ಚಿತ್ರಗಳಲ್ಲಿ ತಮ್ಮವರನ್ನು ಕೋತಿಗಳಂತೆ ಬರೆಯುವುದನ್ನೇ ಕಂಡು ನೊಂದಿದ್ದವರು ಅವರು. ಕೋಟು ತೊಟ್ಟು ಗಂಭೀರವಾಗಿ ಕೂತ ಒಬ್ಬ ಕಪ್ಪು ಮನುಷ್ಯನ ಮುಖವನ್ನು ಅದಿರುವಂತೆಯೇ ಬರೆದ ಚಿತ್ರ ಬಡವರ ಮನೆಯ ಗೋಡೆಗೂ ಬಂತು ಎನ್ನುವುದು ಅವರ ಮಟ್ಟಿಗೆ ಸಣ್ಣ ವಿಷಯವಾಗಿರಲಿಲ್ಲ.

1871ರ ಮಾರ್ಚ್ 3ಕ್ಕೆ ಅವಧಿ ಮುಗಿಯಿತು. ರೆವೆಲ್ಸ್ ಮಿಸ್ಸಿಸ್ಸಿಪ್ಪಿಗೆ ಮರಳಿ, ಕಪ್ಪು ಯುವಕರಿಗಾಗಿ ರಾಜ್ಯ ಹೊಸದಾಗಿ ತೆರೆದ ಕಾಲೇಜಿನ ಮೊದಲ ಅಧ್ಯಕ್ಷರಾದರು. ಬಿಳಿಯ ಹುಡುಗರಿಗೆಂದು ಪ್ರೆಸ್ಬಿಟೇರಿಯನ್ನರು ನಡೆಸುತ್ತಿದ್ದ ಓಕ್‌ಲ್ಯಾಂಡ್ ಕಾಲೇಜು ಯುದ್ಧದಲ್ಲಿ ಸೊರಗಿ ಮುಚ್ಚಿಹೋಗಿತ್ತು. ಅದರ ಜಾಗ, ಕಟ್ಟಡಗಳನ್ನು ಸರ್ಕಾರ 40,000 ಡಾಲರಿಗೆ ಕೊಂಡಿತು. ಕಾಲೇಜಿಗೆ ಆಗಿನ ಗವರ್ನರ್ ಜೇಮ್ಸ್ ಆಲ್ಕಾರ್ನ್ ಹೆಸರಿಟ್ಟರು. ಆಲ್ಕಾರ್ನ್ ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದವರು, ಬಂಡಾಯದ ಸೇನೆಯಲ್ಲಿ ಜನರಲ್ ಆಗಿದ್ದವರು, ಈಗ ರಿಪಬ್ಲಿಕನ್. ಹಳೆಯ ಶತ್ರುವಿನ ಮನಸ್ಸೂ ಬದಲಾಗಬಲ್ಲುದು ಎಂಬ ರೆವೆಲ್ಸ್ ನಂಬಿಕೆಗೆ ಅವರು ಕಣ್ಣೆದುರಿನ ಸಾಕ್ಷಿ. ಆಲ್ಕಾರ್ನ್ ಸ್ಟೇಟ್ ಯೂನಿವರ್ಸಿಟಿ ಎಂಬ ಹೆಸರಿನಲ್ಲಿ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ. 1873ರ ಗವರ್ನರ್ ಚುನಾವಣೆಯಲ್ಲಿ ಆಲ್ಕಾರ್ನ್ ಎದುರು ಏಮ್ಸ್ ನಿಂತರು. ರೆವೆಲ್ಸ್ ಆಲ್ಕಾರ್ನ್ ಪಕ್ಷ ವಹಿಸಿದರು. ಗೆದ್ದ ಏಮ್ಸ್ ಮರುವರ್ಷ ರೆವೆಲ್ಸ್ ಅವರನ್ನು ಕಾಲೇಜಿನಿಂದ ತೆಗೆದರು.

ಇದೇ 1873ರಲ್ಲಿ ಪುಣೆಯಲ್ಲಿ ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ಯನ್ನು ಪ್ರಕಟಿಸಿ, ಕಪ್ಪು ಜನರನ್ನು ಬಿಡುಗಡೆ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಫುಲೆ ಕಂಡ ಅಮೆರಿಕ ಸುಳ್ಳಲ್ಲ, ಅದು ಲಿಂಚ್ ಸಭಾಧ್ಯಕ್ಷರಾಗಿ ಮಿಸ್ಸಿಸ್ಸಿಪ್ಪಿಯ ಕೆಳಮನೆ ನಡೆಸಿದ ಅಮೆರಿಕ. ಆದರೆ ಅದಕ್ಕೆ ಉಳಿದಿದ್ದ ಆಯುಷ್ಯ ಎರಡೇ ವರ್ಷ.

1874ರ ಡಿಸೆಂಬರಿನಲ್ಲಿ ವಿಕ್ಸ್‌ಬರ್ಗ್‌ನಲ್ಲಿ, 1875ರ ಸೆಪ್ಟೆಂಬರಿನಲ್ಲಿ ಕ್ಲಿಂಟನ್‌ನಲ್ಲಿ ಹತ್ತಾರು ಕಪ್ಪು ಜನರನ್ನು ಕೊಂದರು. ರಿಪಬ್ಲಿಕನ್ ಸಭೆ ನಡೆದಲ್ಲೆಲ್ಲ ಬಂದೂಕು ಹಿಡಿದ ಬಿಳಿಯರ ತಂಡಗಳು ಹಾಜರು. ಸಂಜೆ ಮುಸುಕು ಹಾಕಿಕೊಂಡು ಬರುತ್ತಿದ್ದ ಹಳೆಯ ಪದ್ಧತಿಯನ್ನು ಬಿಟ್ಟು, ಹಾಡುಹಗಲೇ, ಮುಖ ತೋರಿಸಿಯೇ ನಡೆಸಿದ ಹಿಂಸೆ ಅದು. ದಕ್ಷಿಣದ ಉಳಿದ ರಾಜ್ಯಗಳೂ ಮುಂದೆ ಈ ‘ಮಿಸ್ಸಿಸ್ಸಿಪ್ಪಿ ಯೋಜನೆ’ಯನ್ನು ನಕಲು ಮಾಡಿದವು. ಏಮ್ಸ್ ಸೈನ್ಯ ಕಳಿಸಿ ಎಂದು ಅಂಗಲಾಚಿದರು. ಅಧ್ಯಕ್ಷ ಗ್ರಾಂಟ್ ಕಳಿಸಲಿಲ್ಲ. ನವೆಂಬರ್ ಚುನಾವಣೆಯಲ್ಲಿ, ಕಪ್ಪು ಮತದಾರರೇ ಹೆಚ್ಚಾಗಿದ್ದ ಯಾಜೂ ಕೌಂಟಿಯಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಬಿದ್ದದ್ದು ಏಳು ಮತ.

ಫಲಿತಾಂಶದ ಬೆನ್ನಿಗೇ, ನವೆಂಬರ್ 6ರಂದು, ರೆವೆಲ್ಸ್ ಅಧ್ಯಕ್ಷ ಗ್ರಾಂಟ್‌ಗೆ ಒಂದು ಪತ್ರ ಬರೆದರು. ಹೊರಗಿನಿಂದ ಬಂದ ನೀತಿಗೆಟ್ಟ ರಾಜಕಾರಣಿಗಳು ನನ್ನ ಜನರ ಮನಸ್ಸನ್ನು ಗುಲಾಮಗಿರಿಗೆ ತಳ್ಳಿದ್ದರು, ಭ್ರಷ್ಟರಿಗೂ ಪಕ್ಷದ ಹೆಸರಿನಲ್ಲಿ ಮತ ಹಾಕಿಸುತ್ತಿದ್ದರು, ಈ ಸಲ ಜನ ಅದನ್ನು ತಿರಸ್ಕರಿಸಿದ್ದಾರೆ. ಯುದ್ಧದ ಕಹಿ ಈ ರಾಜ್ಯದಲ್ಲಿ ಹೆಚ್ಚುಕಡಿಮೆ ಅಳಿದಿದೆ, ಇಂಥವರು ಕೆದಕದಿದ್ದರೆ ಎಂದೋ ಪೂರ್ತಿ ಅಳಿಯುತ್ತಿತ್ತು ಎಂಬುದು ಅದರ ಸಾರ. ಡೆಮಾಕ್ರಟರ ಪತ್ರಿಕೆಗಳು ಅದನ್ನು ಎತ್ತಿ ಎತ್ತಿ ಅಚ್ಚು ಹಾಕಿದವು. ಗೆದ್ದವರಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿತ್ತೇ? ದೇಶದ ಮೊದಲ ಕಪ್ಪು ಸೆನೆಟರ್‌ನ ಸಹಿಯೇ ಅದರ ಕೆಳಗಿತ್ತು. ಪತ್ರ ಹೋಗಿ ಎರಡು ತಿಂಗಳು ತುಂಬುವ ಮೊದಲೇ, ರಾಜ್ಯದ ಮೇಲ್ಮನೆಯ ಸದಸ್ಯರಾಗಿದ್ದ ಚಾರ್ಲ್ಸ್ ಕಾಲ್ಡ್‌ವೆಲ್ ಎಂಬ ಕಪ್ಪು ನಾಯಕನನ್ನು ಕ್ಲಿಂಟನ್‌ನಲ್ಲಿ ಕುಡಿಯಲು ಬಾ ಎಂದು ಕರೆದು ಗುಂಡಿಟ್ಟು ಕೊಂದರು.

ರೆವೆಲ್ಸ್ ಅವರನ್ನು ಮೆಚ್ಚಿ ಬರೆಯುವವರು ಈ ಪತ್ರದ ಬಳಿ ಬಂದಾಗ ಹೆಜ್ಜೆ ಚುರುಕು ಮಾಡುತ್ತಾರೆ. ಅವರನ್ನು ಇಷ್ಟಪಡದವರು ಅದೊಂದನ್ನೇ ಹಿಡಿದು, ಕುರ್ಚಿಯ ಆಸೆಗೆ ತಮ್ಮವರನ್ನೇ ಮಾರಿದರು ಎನ್ನುತ್ತಾರೆ. ಮರುವರ್ಷ ಹೊಸ ಡೆಮಾಕ್ರಟ್ ಗವರ್ನರ್ ಕಾಲದಲ್ಲಿ ಅವರಿಗೆ ಆಲ್ಕಾರ್ನ್ ಕಾಲೇಜಿನ ಅಧ್ಯಕ್ಷತೆ ಮರಳಿ ಸಿಕ್ಕಿದ್ದು ನಿಜ. ತಮ್ಮನ್ನು ತೆಗೆದುಹಾಕಿದ ಏಮ್ಸ್ ಮೇಲೆ ಅವರಿಗೆ ನೋವು ಇದ್ದದ್ದೂ ನಿಜವಿರಬೇಕು. ಆದರೂ ಈ ಪತ್ರ ಲಾಭಕ್ಕಾಗಿ ಬರೆದದ್ದೆಂದು ನನಗೆ ತೋರುವುದಿಲ್ಲ. ಲಿಂಕನ್‌ಟನ್‌ನ ಅಂಗಡಿಯಿಂದ, ಮಿಸ್ಸೂರಿಯ ಜೈಲಿನಿಂದ, ರೈಲಿನ ಕಂಡಕ್ಟರನಿಂದ, ಸೆನೆಟ್‌ನ ಮೊದಲ ಭಾಷಣದಿಂದ ನೇರವಾಗಿ ಇಳಿದು ಬಂದ ಮಾತು ಅದು. ಮೂವತ್ತು ವರ್ಷ ಪೀಠದಲ್ಲಿ ನಿಂತು ಪಾಪಿಗಳ ಮನಪರಿವರ್ತನೆಗೆ ಕಾದ ಮನುಷ್ಯ ರಾಜಕೀಯದಲ್ಲೂ ಅದಕ್ಕೇ ಕಾದರು. ಚರ್ಚಿಗೆ ಬರುವವನು ಪಾಪವನ್ನು ಒಪ್ಪಿಕೊಂಡ ಮೇಲೆ ಕ್ಷಮೆ. ಮಿಸ್ಸಿಸ್ಸಿಪ್ಪಿಯ ಒಡೆಯರು ಏನನ್ನೂ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಳ್ಳದವರಿಗೆ, ಅದೂ ತಾವೇ ಹೆಚ್ಚು ಪೆಟ್ಟು ತಿನ್ನದ ನೆಲೆಯಲ್ಲಿ ನಿಂತು, ಹತ್ತಿಯ ಹೊಲದಲ್ಲಿ ಹೆಣವಾದವರ ಪರವಾಗಿ ಕ್ಷಮೆ ಕೊಡುವ ಅಧಿಕಾರ ಯಾವ ಪಾದ್ರಿಗೂ ಇಲ್ಲ. ನನ್ನ ಮಟ್ಟಿಗೆ ರೆವೆಲ್ಸ್ ಎಡವಿದ್ದು ಅಲ್ಲಿ. 1876ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಆ ಚುನಾವಣೆಯ ತನಿಖೆ ನಡೆಸಿದಾಗಲೂ, ನನಗೆ ತಿಳಿದ ಮಟ್ಟಿಗೆ ದೊಡ್ಡ ಹಿಂಸೆ ನಡೆದಿಲ್ಲ ಎಂದೇ ಅವರು ಸಾಕ್ಷಿ ಹೇಳಿದರು. ಕಂಡು ಉಂಡಿದ್ದ ಕಪ್ಪು ಮತದಾರರು ಅದನ್ನು ನಂಬಲಿಲ್ಲ.

ಅದೇ ವರ್ಷ ಇದೇ ಮನುಷ್ಯ ಒಂದು ಕ್ರೈಸ್ತ ಪತ್ರಿಕೆಯ ಸಂಪಾದಕರಾಗಿ, ತಾವು ಮುಂದೆ ಸೇರಿದ್ದ, ಎರಡೂ ಜನಾಂಗದವರಿದ್ದ ಮೆಥಡಿಸ್ಟ್ ಸಭೆಯಲ್ಲಿ ಕಪ್ಪು ಬಿಳಿ ಸದಸ್ಯರನ್ನು ಬೇರ್ಪಡಿಸುವ ಪ್ರಸ್ತಾಪವನ್ನು ವಿರೋಧಿಸಿ ಬರೆದರು. ಸರ್ಕಾರದ ಎದುರು ಆಡದ ಖಡಕ್ ಮಾತನ್ನು ತಮ್ಮ ಸಭೆಯ ಹಿರಿಯರೆದುರು ಆಡಿದರು. ಅದು ಅವರ ಮನೆ. ಅಲ್ಲಿ ಅವರಿಗೆ ಹಿಂಜರಿಕೆಯಿರಲಿಲ್ಲ.

1882ರಲ್ಲಿ ಕಾಲೇಜಿನಿಂದ ನಿವೃತ್ತರಾಗಿ ಹಾಲಿ ಸ್ಪ್ರಿಂಗ್ಸ್‌ನಲ್ಲಿ ನೆಲೆಸಿ, ದೇವಶಾಸ್ತ್ರ ಕಲಿಸುತ್ತಾ, ಸಭೆಯ ಕೆಲಸ ನೋಡುತ್ತಾ ಉಳಿದರು. 1890ರಲ್ಲಿ ಮಿಸ್ಸಿಸ್ಸಿಪ್ಪಿ ಹೊಸ ಸಂವಿಧಾನ ಬರೆದುಕೊಂಡಿತು. ಎರಡು ಡಾಲರ್ ತಲೆಗಂದಾಯ, ಸಂವಿಧಾನದ ಯಾವುದೋ ಭಾಗವನ್ನು ಓದಬೇಕು, ಇಲ್ಲವೇ ಅಧಿಕಾರಿಗೆ ಒಪ್ಪಿಗೆಯಾಗುವಂತೆ ಅದರ ಅರ್ಥ ಹೇಳಬೇಕೆಂಬ ಪರೀಕ್ಷೆ. ಬಣ್ಣದ ಹೆಸರೆತ್ತದೆಯೇ ಕಪ್ಪು ಜನರ ಮತವನ್ನು ಕಿತ್ತುಕೊಳ್ಳುವ ಉಪಾಯ ಇದು. ಎಂಟನೆಯ ವಯಸ್ಸಿನಲ್ಲಿ ಉತ್ತರ ಕ್ಯಾರೊಲೈನಾದಲ್ಲಿ ಕಂಡದ್ದನ್ನು ರೆವೆಲ್ಸ್ ಅರವತ್ತು ದಾಟಿದ ಮೇಲೆ ಮಿಸ್ಸಿಸ್ಸಿಪ್ಪಿಯಲ್ಲಿ ಮತ್ತೆ ಕಂಡರು. 1901ರ ಜನವರಿ 16ರಂದು ಅಬರ್ಡೀನ್ ಎಂಬ ಊರಿನಲ್ಲಿ ತಮ್ಮ ಸಭೆಯ ಸಮ್ಮೇಳನಕ್ಕೆ ಹೋಗಿದ್ದಾಗ ತೀರಿಕೊಂಡರು.

ಅವರ ನಂತರ ಮಿಸ್ಸಿಸ್ಸಿಪ್ಪಿಯಿಂದ ಬ್ಲಾಂಚ್ ಬ್ರೂಸ್ ಎಂಬ ಮಾಜಿ ಗುಲಾಮರು 1875ರಿಂದ 1881ರವರೆಗೆ ಸೆನೆಟರ್ ಆಗಿದ್ದರು. ಆಮೇಲೆ ಇಂದಿನವರೆಗೂ ಆ ರಾಜ್ಯದಿಂದ ಕಪ್ಪು ಸೆನೆಟರ್ ಬಂದಿಲ್ಲ. ಇಡೀ ದೇಶವೇ ಮತ್ತೊಬ್ಬರನ್ನು ಕಾಣಲು 1967ರವರೆಗೆ ಕಾಯಬೇಕಾಯಿತು, ಆ ವರ್ಷ ಮ್ಯಾಸಚೂಸೆಟ್ಸ್‌ನ ಎಡ್ವರ್ಡ್ ಬ್ರೂಕ್ ಬಂದರು. ಪೀಠದಿಂದ ಸೆನೆಟ್‌ಗೆ ಬಂದ ಇನ್ನೊಬ್ಬ ಕಪ್ಪು ಪಾದ್ರಿ ರಾಫೆಲ್ ವಾರ್ನಾಕ್. ಮಾರ್ಟಿನ್ ಲೂಥರ್ ಕಿಂಗ್ ಅವರ ಚರ್ಚಿನ ಸಭಾಪಾಲಕರಾದ ಅವರನ್ನು 2021ರಲ್ಲಿ ಆರಿಸಿ ಕಳಿಸಿದ್ದು, ಒಂದು ಕಾಲದಲ್ಲಿ ಕಪ್ಪು ಶಾಸಕರನ್ನು ಹೊರದಬ್ಬಿದ್ದ ಅದೇ ಜಾರ್ಜಿಯಾ.

ರೆವೆಲ್ಸ್ ಅವರ ಮಗಳೊಬ್ಬಳು ಹುಟ್ಟಿದ್ದು ಅವರು ಸೆನೆಟರ್ ಆದ 1870ರಲ್ಲೇ. ತಮ್ಮ ಪರವಾಗಿ ವಾದಿಸಿದ ಚಾರ್ಲ್ಸ್ ಸಮ್ನರ್ ನೆನಪಿಗೆ ಮಗುವಿಗೆ ಸೂಸಿ ಸಮ್ನರ್ ರೆವೆಲ್ಸ್ ಎಂದು ಹೆಸರಿಟ್ಟರು. ಆಕೆ ಮದುವೆಯಾದದ್ದು ಮಿಸ್ಸಿಸ್ಸಿಪ್ಪಿಯಲ್ಲಿ ಗುಲಾಮನಾಗಿ ಹುಟ್ಟಿ ಮುಂದೆ ಸಿಯಾಟಲ್‌ನಲ್ಲಿ ‘ಸಿಯಾಟಲ್ ರಿಪಬ್ಲಿಕನ್’ ಪತ್ರಿಕೆ ನಡೆಸಿದ ಹೊರೇಸ್ ಕೇಟನ್ ಅವರನ್ನು. ಸೂಸಿ ಆ ಪತ್ರಿಕೆಯ ಸಹಸಂಪಾದಕಿಯಾದರು, ಕಥೆ ಬರೆದರು, ಮುಪ್ಪಿನಲ್ಲಿ, 1930ರ ದಶಕದ ಆರ್ಥಿಕ ಕುಸಿತದ ಕಾಲಕ್ಕೆ, ಕಮ್ಯುನಿಸ್ಟ್ ಪಕ್ಷ ಸೇರಿ ಕೆಲಸವಿಲ್ಲದವರನ್ನು ಸಂಘಟಿಸಿದರು. ಹಿರಿಯ ಮಗ ಹೊರೇಸ್ ಸಮಾಜಶಾಸ್ತ್ರಜ್ಞರಾಗಿ, ಶಿಕಾಗೋದ ಕಪ್ಪು ಜನರ ಬದುಕನ್ನು ಕುರಿತು ಸೇಂಟ್ ಕ್ಲೇರ್ ಡ್ರೇಕ್ ಜೊತೆಗೆ 1945ರಲ್ಲಿ ‘ಬ್ಲ್ಯಾಕ್ ಮೆಟ್ರೊಪೊಲಿಸ್’ ಎಂಬ ದೊಡ್ಡ ಗ್ರಂಥ ಬರೆದರು. ಇನ್ನೊಬ್ಬ ಮಗನಿಗೆ ಅಜ್ಜನ ಮನೆತನದ ಹೆಸರನ್ನೇ ಇಟ್ಟಿದ್ದರು. ಆ ರೆವೆಲ್ಸ್ ಕೇಟನ್ ಪಶ್ಚಿಮ ಕರಾವಳಿಯ ಹಡಗುಗಳ ಅಡುಗೆಯವರು, ಪರಿಚಾರಕರ ಕಾರ್ಮಿಕ ಸಂಘದ ನಾಯಕರಾಗಿ, ಮಾಲೀಕರೊಡನೆ ಮುಷ್ಕರ ಹೂಡಿ ಮಾತಾಡುವ ದಾರಿ ಹಿಡಿದರು.